ಶಾಲೆಯ ಗೋಡೆಯ ಮೇಲೆ ಮಂಗಳೂರಿನ ಇತಿಹಾಸ: ಯಾವುದನ್ನು ಬರೆಯೋಣ, ಹೇಗೆ ಬರೆಯೋಣ?

ಪ್ರಶ್ನೆ: ನಮಸ್ಕಾರ ಸರ್. ನಾನು ಮಂಗಳೂರಿನ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ನಮ್ಮ ಶಾಲೆಗೆ ಈ ವರ್ಷ ನೂರು ತುಂಬುತ್ತದೆ. ಅಂಗಳದ ಕಾಂಪೌಂಡ್ ಗೋಡೆಯ ಮೇಲೆ ಮಂಗಳೂರಿನ ಇತಿಹಾಸದ ಮುಖ್ಯ ಘಟನೆಗಳನ್ನು ಮಕ್ಕಳಿಂದ ಬರೆಸಬೇಕು ಅಂತ ಹೊರಟಿದ್ದೇವೆ. ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದದ್ದನ್ನೆಲ್ಲ ಸೇರಿಸಿ ಒಂದು ಪಟ್ಟಿ ಮಾಡಿದೆವು. ಸುಲ್ತಾನ್ ಬತ್ತೇರಿಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಇತ್ತು, ಖಾಕಿ ಹುಟ್ಟಿದ್ದೇ ಮಂಗಳೂರಿನಲ್ಲಿ, ದೇಶದ ಮೊದಲ ಪತ್ರಿಕೆ ಇಲ್ಲಿಯದ್ದು, ದೇಶದ ಮೊದಲ ಸ್ವಾತಂತ್ರ್ಯ ಸಂಗ್ರಾಮ 1837ರಲ್ಲಿ ಬಾವುಟಗುಡ್ಡೆಯಲ್ಲಿ ನಡೆಯಿತು, ರಾಣಿ ಅಬ್ಬಕ್ಕ ಪೋರ್ಚುಗೀಸರ ವಿರುದ್ಧ ಎಪ್ಪತ್ತು ವರ್ಷ ಹೋರಾಡಿದಳು, ಹೀಗೆ. ನಮ್ಮ ಶಾಲೆಯಲ್ಲೇ ಓದಿದ, ಎಂಬತ್ತು ದಾಟಿದ ಅಜ್ಜರೊಬ್ಬರು ಪಟ್ಟಿ ನೋಡಿ "ಇದರಲ್ಲಿ ಅರ್ಧ ಸುಳ್ಳು" ಅಂದುಬಿಟ್ಟರು. 1784ರಲ್ಲಿ ಟಿಪ್ಪು ಇಲ್ಲಿನ ಕೆಥೊಲಿಕರನ್ನು ಸೆರೆಹಿಡಿದ ವಿಷಯ ಬರೆಯಲೇಬಾರದು ಅಂತ ಕೆಲವು ಪೋಷಕರು, ಬರೆಯಲೇಬೇಕು ಅಂತ ಇನ್ನು ಕೆಲವರು. ಬಣ್ಣ ತಂದಿಟ್ಟಾಗಿದೆ. ತಪ್ಪು ಬರೆದರೆ ಮಕ್ಕಳು ಅದನ್ನೇ ಕಲಿಯುತ್ತಾರೆ. ಎಲ್ಲ ತೆಗೆದರೆ ಗೋಡೆ ಖಾಲಿ. ಏನು ಮಾಡಲಿ?

ಉತ್ತರ: ಟೀಚರ್, ಬಣ್ಣದ ಡಬ್ಬಿ ತೆರೆಯುವ ಮೊದಲು ಕೇಳಿದಿರಲ್ಲ, ಅದಕ್ಕೆ ಖುಷಿಯಾಯಿತು. ಸಾಮಾನ್ಯವಾಗಿ ಬಣ್ಣ ಒಣಗಿದ ಮೇಲೆ ನನ್ನನ್ನು ಕರೆಯುತ್ತಾರೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದೆ. ಈ ಕರಾವಳಿಯ ಹಳೆ ಕಾಗದ, ಶಾಸನ, ಪ್ರವಾಸಿಗರ ಬರಹಗಳನ್ನು ಈಗಲೂ ಓದುತ್ತಿದ್ದೇನೆ. ನಿಮ್ಮ ಪಟ್ಟಿಯಲ್ಲಿ ಪೂರ್ತಿ ಸುಳ್ಳು ಅನ್ನುವಂಥದ್ದು ಒಂದೇ ಇದೆ. ಉಳಿದವೆಲ್ಲ ನಿಜದ ಮೇಲೆ ಸ್ವಲ್ಪ ಜಾಸ್ತಿ ಬಣ್ಣ ಬಿದ್ದವು. ಆ ಜಾಸ್ತಿ ಬಣ್ಣವನ್ನು ಕೆರೆದು ತೆಗೆದರೆ ಒಳಗೆ ಸಿಗುವುದು ಇನ್ನೂ ಚೆನ್ನಾಗಿದೆ.

ಪೂರ್ತಿ ಸುಳ್ಳು ಯಾವುದು ಅಂದರೆ ಸುರಂಗ. ಸುಲ್ತಾನ್ ಬತ್ತೇರಿಯನ್ನು ಟಿಪ್ಪು ಬೋಳೂರಿನಲ್ಲಿ, ಗುರುಪುರ ಹೊಳೆಯ ದಡದಲ್ಲಿ 1784ರಲ್ಲಿ ಕಟ್ಟಿಸಿದ. ಹೊಳೆಯೊಳಗೆ ಯುದ್ಧದ ಹಡಗು ನುಗ್ಗದಂತೆ ಕಾಯುವುದು ಅದರ ಕೆಲಸ. ಕಪ್ಪು ಕಲ್ಲಿನ ಗೋಡೆಯಲ್ಲಿ ತೋಪಿನ ಬಾಯಿ ಇಡುವ ಕಂಡಿಗಳು ಇವತ್ತಿಗೂ ಕಾಣುತ್ತವೆ. ಕೆಳಗೆ ಒಂದು ಕತ್ತಲೆ ಕೋಣೆ ಇದೆ. ಅದು ಮದ್ದುಗುಂಡು ಇಡುವ ಜಾಗ. ಸುರಂಗದ ಕಥೆ ಹುಟ್ಟಿದ್ದು ಆ ಕೋಣೆಯಿಂದ. ಯಾವ ಕೋಟೆಗೆ ಹೋದರೂ ಹೀಗೆಯೇ. ನೆಲದ ಮಟ್ಟದಲ್ಲಿ ಒಂದು ಕತ್ತಲೆ ಬಾಗಿಲು ಕಂಡರೆ ಜನ ಅದನ್ನು ರಾಜಧಾನಿಯವರೆಗೆ ಎಳೆಯುತ್ತಾರೆ. ಹೊಳೆ ದಡದಲ್ಲಿ ಸ್ವಲ್ಪ ಅಗೆದರೆ ನೀರು ಬರುತ್ತದೆ. ಮೇಲೆ ಘಟ್ಟ, ಅದರಾಚೆ ಕೊಡಗಿನ ಕಾಡು. ಮಕ್ಕಳಿಗೆ ಭೂಪಟ ತೋರಿಸಿ, ಅವರೇ ನಕ್ಕು ಬಿಡುತ್ತಾರೆ. ಹಾಗೆಯೇ ಕೇರಳದ ವಯನಾಡಿನಲ್ಲೂ ಒಂದು ಸುಲ್ತಾನ್ ಬತ್ತೇರಿ ಇದೆ. ಅಂತರ್ಜಾಲದಲ್ಲಿ ಸಿಗುವ ಫೋಟೋ ಎರಡರಲ್ಲಿ ಯಾವುದರದ್ದು ಅಂತ ನೋಡಿಕೊಂಡೇ ಚಿತ್ರ ಬಿಡಿಸಿ.

ಇನ್ನು "ಮೊದಲ" ಅನ್ನುವ ಪದ. ನಿಮ್ಮ ಪಟ್ಟಿಯಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ಇದೇ. ಊರಿನ ಮೇಲಿನ ಪ್ರೀತಿಯಿಂದಲೇ ಬರುವ ಪದ ಅದು, ನನಗೆ ಗೊತ್ತು. ಆದರೆ ಒಂದು ಕಡೆ "ಕನ್ನಡದ ಮೊದಲ" ಅಂತ ಇದ್ದದ್ದು ಇನ್ನೊಂದು ಕಡೆ ನಕಲಾಗುವಾಗ "ದೇಶದ ಮೊದಲ" ಆಗುತ್ತದೆ. 1843ರ ಜುಲೈ 1ರಂದು ಹೊರಬಂದ ಮಂಗಳೂರ ಸಮಾಚಾರ ಕನ್ನಡದ ಮೊದಲ ಪತ್ರಿಕೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕ. ಕಲ್ಲಚ್ಚಿನಲ್ಲಿ ಮುದ್ರಣ, ಹದಿನೈದು ದಿನಕ್ಕೊಂದು ಸಂಚಿಕೆ. ಮರುವರ್ಷವೇ ಅದು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರ ಆಯಿತು. ನಮ್ಮ ರಾಜ್ಯದಲ್ಲಿ ಜುಲೈ 1ನ್ನು ಪತ್ರಿಕಾ ದಿನ ಅಂತ ಆಚರಿಸುವುದು ಇದಕ್ಕೇ. ದೇಶದ ಲೆಕ್ಕಕ್ಕೆ ಬಂದರೆ ಕಲ್ಕತ್ತೆಯಲ್ಲಿ 1780ರಲ್ಲೇ ಹಿಕ್ಕಿಯ ಇಂಗ್ಲಿಷ್ ಪತ್ರಿಕೆ ಇತ್ತು. ಮುಂಬೈಯಲ್ಲಿ 1822ರಿಂದ ಗುಜರಾತಿ ಪತ್ರಿಕೆ ಬರುತ್ತಿತ್ತು. "ಕನ್ನಡದ ಮೊದಲ" ಅನ್ನುವುದೇನು ಸಣ್ಣ ಮಾತಾ? ಅಷ್ಟೇ ಬರೆಯಿರಿ, ಸಾಕು.

ಖಾಕಿಯ ಕಥೆಯೂ ಇದೇ ಜಾತಿ. ಬಾಸೆಲ್ ಮಿಶನ್ನಿನ ಬಲ್ಮಠದ ನೇಯ್ಗೆ ಕೇಂದ್ರದಲ್ಲಿ ಜಾನ್ ಹಾಲರ್ ಎಂಬವರು 1850ರ ದಶಕದ ಆರಂಭದಲ್ಲಿ ಖಾಕಿ ಬಣ್ಣ ತಯಾರಿಸಿದರು ಅನ್ನುತ್ತಾರೆ. ನಾನೂ ಒಂದು ಸಮಾರಂಭದಲ್ಲಿ "ಖಾಕಿ ಮಂಗಳೂರಿನ ಮಗು" ಅಂತ ಭಾಷಣ ಮಾಡಿದ್ದೇನೆ. ಚಪ್ಪಾಳೆಯೂ ಬಿತ್ತು. ಆಮೇಲೆ ಓದುತ್ತಾ ಹೋದಾಗ, ಪೇಶಾವರದಲ್ಲಿ 1846ರಲ್ಲಿ ಬ್ರಿಟಿಷರು ಕಟ್ಟಿದ ಗೈಡ್ಸ್ ಪಡೆ ಹಾಲರ್‌ಗಿಂತ ಮುಂಚೆಯೇ ಮಣ್ಣಿನ ಬಣ್ಣದ ಬಟ್ಟೆ ತೊಡುತ್ತಿತ್ತು ಅಂತ ತಿಳಿಯಿತು. ಖಾಕ್ ಅಂದರೆ ಪರ್ಷಿಯನ್ ಭಾಷೆಯಲ್ಲಿ ಧೂಳು. ಬಣ್ಣಕ್ಕೆ ಆ ಹೆಸರು ಬಂದದ್ದು ಆ ಕಡೆಯಿಂದ. ಆ ಭಾಷಣ ಕೇಳಿದವರಲ್ಲಿ ಸಿಕ್ಕವರಿಗೆಲ್ಲ ನನ್ನ ಮಾತು ತಪ್ಪು ಅಂತ ಹೇಳಿದೆ. ಸಿಗದವರೇ ಜಾಸ್ತಿ. ಆ ಬೇಸರ ಇನ್ನೂ ಇದೆ. ನೀವು "ಬಾಸೆಲ್ ಮಿಶನ್ ನೇಯ್ಗೆಯಲ್ಲಿ ಖಾಕಿ ಬಟ್ಟೆ ತಯಾರಾಗುತ್ತಿತ್ತು" ಅಂತ ಬರೆಯಿರಿ. ಅದಕ್ಕಿಂತ ಗಟ್ಟಿಯಾದ ವಿಷಯ ಬೇಕಿದ್ದರೆ ಹೆಂಚು ಇದೆಯಲ್ಲ. 1865ರಲ್ಲಿ ಜೆಪ್ಪುವಿನಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮಿಶನ್ನಿನ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಹೊಳೆಯ ಜೇಡಿಮಣ್ಣು, ಘಟ್ಟದ ಕಡೆಯ ಸೌದೆ, ಸಾಗಿಸಲು ದೋಣಿ, ಮೂರೂ ಒಂದೇ ಕಡೆ ಸಿಕ್ಕಿದ್ದು ಇಲ್ಲಿಯೇ. ನಿಮ್ಮ ಶಾಲೆ ನೂರು ವರ್ಷದ್ದು ಅಂದರೆ ಮಾಡಿನ ಮೇಲೆ ಹಳೆ ಹೆಂಚು ಇದ್ದರೂ ಇರಬಹುದು. ಒಂದು ಹೆಂಚು ಇಳಿಸಿ ಹಿಂಭಾಗ ನೋಡಿ. ಕಾರ್ಖಾನೆಯ ಹೆಸರು ಒತ್ತಿರುತ್ತದೆ, ಕೆಲವದರಲ್ಲಿ ವರ್ಷವೂ ಇರುತ್ತದೆ. ಮಕ್ಕಳು ಕೈಯಲ್ಲಿ ಹಿಡಿದು ಓದಬಹುದಾದ ದಾಖಲೆ ಅದು.

ಈಗ 1837. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಈಸ್ಟ್ ಇಂಡಿಯಾ ಕಂಪನಿಯವರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡರು. ಅಲ್ಲಿಯವರೆಗೆ ಕೊಡಗಿನ ಅರಸರ ಕೈಯಲ್ಲಿದ್ದ ಸುಳ್ಯ, ಪುತ್ತೂರು ಕಡೆಯ ಮಾಗಣೆಗಳನ್ನು, ಅಂದರೆ ಊರುಗಳ ಗುಂಪುಗಳನ್ನು, ಕೆನರಾ ಜಿಲ್ಲೆಗೆ ಸೇರಿಸಿದರು. ಮೊದಲು ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು. ಈಗ ನಗದೇ ಬೇಕು ಅಂತ ಆಯಿತು. ಭತ್ತ ಬೆಳೆಯುವವನ ಕೈಯಲ್ಲಿ ನಾಣ್ಯ ಎಲ್ಲಿಂದ ಬರಬೇಕು? ಭತ್ತ ಮಾರಬೇಕು, ಅದೂ ಕಂದಾಯದ ಗಡುವಿನ ಹೊತ್ತಿಗೆ, ಎಲ್ಲರೂ ಮಾರುವಾಗ, ಸಿಕ್ಕಿದ ರೇಟಿಗೆ. ಸಿಟ್ಟು ಹುಟ್ಟಿದ್ದು ಅಲ್ಲಿಂದ. ಕೆದಂಬಾಡಿ ರಾಮಯ್ಯ ಗೌಡರು ಮುಂತಾದವರು ಜನ ಸೇರಿಸಿದರು. ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಒಬ್ಬರನ್ನು ಮುಂದಿಟ್ಟುಕೊಂಡರು. ಘಟ್ಟದ ಬುಡದಿಂದ ಹೊರಟ ದಂಡು 1837ರ ಏಪ್ರಿಲ್ ಮೊದಲ ವಾರ ಮಂಗಳೂರಿಗೆ ಬಂದು ಊರನ್ನು ಹಿಡಿಯಿತು. ಏಪ್ರಿಲ್ 5ರಂದು ಬಾವುಟ ಹಾರಿಸಿದರು, ಹದಿಮೂರು ದಿನ ಊರು ಅವರ ಕೈಯಲ್ಲಿತ್ತು ಅಂತ ಇಲ್ಲಿ ಹೇಳುತ್ತಾ ಬಂದಿದ್ದಾರೆ. ಹೊರಗಿನಿಂದ ಸೈನ್ಯ ಬಂದ ಮೇಲೆ ಕಂಪನಿ ಮತ್ತೆ ಊರು ಹಿಡಿಯಿತು. ಮುಂದಾಳುಗಳಲ್ಲಿ ಕೆಲವರನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೆ ಹಾಕಿದರು. ಇವತ್ತು ಅದೇ ದಾರಿಯಲ್ಲಿ ದಿನಾ ಎಷ್ಟು ಬಸ್ಸು ಓಡುತ್ತವೆ, ಅಲ್ವಾ?

"ದೇಶದ ಮೊದಲ ಸ್ವಾತಂತ್ರ್ಯ ಸಂಗ್ರಾಮ" ಅಂತ ಮಾತ್ರ ಬರೆಯಬೇಡಿ. 1857ಕ್ಕಿಂತ ಇಪ್ಪತ್ತು ವರ್ಷ ಮುಂಚೆ ಅನ್ನುವುದು ನಿಜ. ಆದರೆ ಅದಕ್ಕೂ ಮುಂಚೆ ನಮ್ಮಲ್ಲೇ 1824ರಲ್ಲಿ ಕಿತ್ತೂರು ಇದೆ, ಆಮೇಲೆ ಸಂಗೊಳ್ಳಿ ರಾಯಣ್ಣ ಇದ್ದಾನೆ. 1806ರಲ್ಲಿ ವೆಲ್ಲೂರಿನ ಸಿಪಾಯಿಗಳು ಎದ್ದಿದ್ದರು. ಒಬ್ಬರನ್ನು ಮೊದಲು ಮಾಡಲು ಹೋಗಿ ಇನ್ನೊಬ್ಬರನ್ನು ಹಿಂದೆ ತಳ್ಳುವುದು ಯಾಕೆ?

ಇನ್ನೊಂದು ವಿಷಯ. ಇದನ್ನು ಹಳೆಯ ತಲೆಗಳು "ಕಲ್ಯಾಣಪ್ಪನ ಕಾಟಕಾಯಿ" ಅನ್ನುತ್ತಿದ್ದರು. ಕಾಟಕಾಯಿ ಅಂದರೆ ಉಪಟಳ, ಸುಲಿಗೆ ಅನ್ನುವ ಅರ್ಥ. ಈಗ ನಾವು ಅಭಿಮಾನದಿಂದ ಅಮರ ಸುಳ್ಯದ ಹೋರಾಟ ಅನ್ನುತ್ತೇವೆ. 2022ರಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆಯೂ ಬಂತು. ಎರಡು ಹೆಸರು, ಒಂದೇ ಘಟನೆ. ಕಂಪನಿಯವರ ಕಾಗದದಲ್ಲಿ ಇದು ದಂಗೆ. ಪೇಟೆಯಲ್ಲಿ ಅಂಗಡಿ ಬಾಗಿಲು ಹಾಕಿ ನಡುಗುತ್ತಾ ಕೂತವನಿಗೆ ಕಾಟಕಾಯಿ. ಭತ್ತ ಮಾರಿ ಕಂದಾಯ ಕಟ್ಟಿದ ರೈತನಿಗೆ ನ್ಯಾಯದ ಹೋರಾಟ. ಹಳೆಯ ಹೆಸರನ್ನು ಅವಮಾನ ಅಂತ ಅಳಿಸಬೇಡಿ. ಎರಡನ್ನೂ ಬರೆಸಿ. ಏಳನೇ ಕ್ಲಾಸಿನ ಮಗುವಿಗೆ ಇದು ಅರ್ಥವಾಗುತ್ತದೆ. ಮನೆಯಲ್ಲಿ ಅಣ್ಣ ತಂಗಿ ಜಗಳ ಆದಾಗ ಇಬ್ಬರೂ ಬೇರೆ ಬೇರೆ ಕಥೆ ಹೇಳುವುದು ಅದಕ್ಕೆ ಚೆನ್ನಾಗಿ ಗೊತ್ತು.

ಅಬ್ಬಕ್ಕನ ವಿಷಯಕ್ಕೆ ಬರುತ್ತೇನೆ. ಪೋರ್ಚುಗೀಸರು 1526ರಲ್ಲಿ ಮಂಗಳೂರಿನ ಮೇಲೆ ಬಿದ್ದರು, 1568ರಲ್ಲಿ ಇಲ್ಲಿ ಕೋಟೆ ಕಟ್ಟಿದರು. ನೇತ್ರಾವತಿಯ ಆಚೆ ದಡದ ಉಳ್ಳಾಲ ಚೌಟ ಅರಸರದ್ದು. ಹೆಣ್ಣಿನ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆತನ, ಹಾಗಾಗಿ ಹೆಣ್ಣುಮಗಳು ಪಟ್ಟಕ್ಕೆ ಬಂದದ್ದು ಇಲ್ಲಿ ವಿಚಿತ್ರವೇನಲ್ಲ. ಕಪ್ಪ ಕೊಡುವುದಿಲ್ಲ ಅಂತ 1550, 60ರ ದಶಕಗಳಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಒಬ್ಬಳು. ಮುಂದೆ 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಲ್ಲಿಗೆ ಬಂದ. ಅವನೂ ಉಳ್ಳಾಲದ ರಾಣಿಯನ್ನು ಭೇಟಿಯಾದ. ಈಗ ಕೂಡಿ ಕಳೆಯಿರಿ. ಮೊದಲನೆಯ ರಾಣಿ 1550ರ ದಶಕದ ಯುದ್ಧದ ಹೊತ್ತಿಗೆ ಮೂವತ್ತು ವರ್ಷದವಳು ಅಂದುಕೊಂಡರೂ 1623ರಲ್ಲಿ ತೊಂಬತ್ತು ದಾಟಿರಬೇಕು. ಪ್ರವಾಸಿ ಕಂಡದ್ದು ಅಷ್ಟು ವಯಸ್ಸಾದ ಅಜ್ಜಿಯನ್ನಲ್ಲ. ಅದಕ್ಕೇ ಅಬ್ಬಕ್ಕ ಅನ್ನುವ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಅಂತ ಇತಿಹಾಸ ಬಲ್ಲವರು ಹೇಳುವುದು. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವ ನಾಡು ನಮ್ಮದು. ಜನರ ನೆನಪು ಎಲ್ಲರನ್ನೂ ಒಬ್ಬಳಾಗಿ ಮಾಡಿಕೊಂಡಿತು. ಎಪ್ಪತ್ತು ವರ್ಷದ ಹೋರಾಟ ಅನ್ನುವ ಲೆಕ್ಕ ಬಂದದ್ದು ಹೀಗೆ.

ಆ ಪ್ರವಾಸಿ ಬರೆದಿಟ್ಟದ್ದು ಎಂಥ ಚಿತ್ರ ಗೊತ್ತಾ? ರಾಣಿ ಮಣೇಲು ಎಂಬ ಊರಿನಲ್ಲಿ ದಾರಿಯಲ್ಲೇ ನಡೆದು ಬರುತ್ತಿದ್ದಾಳೆ. ಕಾಲಲ್ಲಿ ಚಪ್ಪಲಿ ಇಲ್ಲ. ಸಾದಾ ಬಟ್ಟೆ. ತಲೆಗೆ ಬಿಸಿಲು ಬೀಳದ ಹಾಗೆ ಒಬ್ಬರು ತಾಳೆಗರಿಯ ಕೊಡೆ ಹಿಡಿದಿದ್ದಾರೆ. ಅವಳು ನೋಡಲು ಹೊರಟದ್ದು ಅಗೆಯುತ್ತಿದ್ದ ಕಾಲುವೆಯನ್ನು. ಮೈಬಣ್ಣ ಕಪ್ಪು, ಮಾತು ಗಂಭೀರ. ಗೋಡೆಗೆ ಕುದುರೆ ಏರಿ ಕತ್ತಿ ಹಿಡಿದ ರಾಣಿಯನ್ನು ಬರೆಯಿರಿ, ಬೇಡ ಅನ್ನುವುದಿಲ್ಲ. ಪಕ್ಕದಲ್ಲಿ ಈ ಬರಿಗಾಲಿನ ರಾಣಿಯನ್ನೂ ಬರೆಸಿ. ಗದ್ದೆಗೆ ನೀರು ಬರುತ್ತದಾ ಅಂತ ಖುದ್ದಾಗಿ ನೋಡಲು ಹೊರಟವಳು. ಕೆಳಗೆ "ಉಳ್ಳಾಲದ ರಾಣಿಯರು" ಅಂತ ಬಹುವಚನದಲ್ಲಿ ಬರೆದರೆ ಸರಿಹೋಗುತ್ತದೆ.

1784ರ ಬಗ್ಗೆ ನಿಮ್ಮ ಆತಂಕ ಸಹಜ. ಆ ವರ್ಷದ ಮೊದಲ ಮೂರು ತಿಂಗಳಲ್ಲಿ ನಡೆದದ್ದನ್ನು ಸಾಲಾಗಿ ನೋಡಿ. ತಿಂಗಳುಗಟ್ಟಲೆ ಮುತ್ತಿಗೆಯ ನಂತರ ಜನವರಿ ಕೊನೆಗೆ ಕೋಟೆಯೊಳಗಿದ್ದ ಕಂಪನಿ ಪಡೆ ಟಿಪ್ಪುವಿಗೆ ಕೋಟೆ ಬಿಟ್ಟುಕೊಟ್ಟಿತು. ಫೆಬ್ರವರಿಯಲ್ಲಿ, ಕ್ರೈಸ್ತರ ವಿಭೂತಿ ಬುಧವಾರದ ಹೊತ್ತಿಗೆ, ಇಲ್ಲಿನ ಕೊಂಕಣಿ ಕೆಥೊಲಿಕರನ್ನು ಸೆರೆಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಬಹಳ. ಉಳಿದವರಲ್ಲಿ ಅನೇಕರು ಊರಿಗೆ ಮರಳಿದ್ದು 1799ರ ನಂತರ. ಮಾರ್ಚ್ 11ರಂದು ಇದೇ ಊರಿನಲ್ಲಿ ಮಂಗಳೂರು ಒಪ್ಪಂದ ಆಯಿತು. ಎರಡನೇ ಮೈಸೂರು ಯುದ್ಧ ಮುಗಿಯಿತು, ಗೆದ್ದ ಜಾಗಗಳನ್ನು ಎರಡೂ ಕಡೆಯವರು ಹಿಂತಿರುಗಿಸಿದರು. ಬತ್ತೇರಿ ಎದ್ದದ್ದೂ ಅದೇ ವರ್ಷ.

ಇದನ್ನು ಬಿಟ್ಟರೆ ಏನಾಗುತ್ತದೆ? ಬತ್ತೇರಿಯ ಚಿತ್ರ ಗೋಡೆಯ ಮೇಲಿರುತ್ತದೆ, ಸೆರೆಯ ಮಾತು ಇರುವುದಿಲ್ಲ. ಮನೆಯಲ್ಲಿ ಅಜ್ಜಿಯಿಂದ ಆ ಕಥೆ ಕೇಳಿದ ಮಗು ಗೋಡೆಯ ಮುಂದೆ ನಿಂತು, ನಮ್ಮದು ಯಾಕೆ ಇಲ್ಲ ಅಂತ ಯೋಚಿಸುತ್ತದೆ. ಬೇರೆ ಮಕ್ಕಳು ಅದನ್ನು ಯಾವುದೋ ಸಿಟ್ಟಿನ ವಾಟ್ಸ್‌ಆ್ಯಪ್ ಸಂದೇಶದಿಂದ ಕಲಿಯುತ್ತಾರೆ. ಬರೆದರೂ ಅಪಾಯ ಇದೆ. ಒಂದು ತಪ್ಪು ವಿಶೇಷಣ ಸಾಕು, ಇವತ್ತು ಕ್ಲಾಸಿನಲ್ಲಿ ಪಕ್ಕದಲ್ಲಿ ಕೂತ ಮಗುವಿನ ಕಡೆ ಬೆರಳು ತಿರುಗುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಬರೆಯಿರಿ. ನಾಲ್ಕೇ ಸಾಲು. ತಿಂಗಳು, ಏನು ನಡೆಯಿತು, ಯಾರು ಆಜ್ಞೆ ಕೊಟ್ಟರು, ಯಾರು ನೋವುಂಡರು, ಯಾವಾಗ ಮರಳಿದರು. ಆಜ್ಞೆ ಒಬ್ಬ ಅರಸನದ್ದು, ಯುದ್ಧದ ಹೊತ್ತಿನದ್ದು. ಅದನ್ನು ಒಂದು ಸಮುದಾಯದ ಹೆಸರಿನಲ್ಲಿ ಬರೆಯಬೇಡಿ. ಸಂಖ್ಯೆಯೂ ಬೇಡ. ಒಂದೊಂದು ದಾಖಲೆಯಲ್ಲಿ ಒಂದೊಂದು ಸಂಖ್ಯೆ ಇದೆ, ಒಂದಕ್ಕೊಂದು ದುಪ್ಪಟ್ಟಾಗುವಷ್ಟು ವ್ಯತ್ಯಾಸ. ಬರೆಯುವ ಮೊದಲು ಎರಡೂ ಕಡೆಯ ಪೋಷಕರನ್ನು ಒಟ್ಟಿಗೆ ಕೂರಿಸಿ ಆ ನಾಲ್ಕು ಸಾಲನ್ನು ಗಟ್ಟಿಯಾಗಿ ಓದಿ. ಬೇರೆ ಬೇರೆಯಾಗಿ ಓದಿಸಬೇಡಿ. ಒಟ್ಟಿಗೆ ಕೇಳುವಾಗ ಜನ ಪದಗಳನ್ನು ಜೋಪಾನವಾಗಿ ಬಳಸುತ್ತಾರೆ, ಇದು ನಾನು ಕಣ್ಣಾರೆ ಕಂಡದ್ದು.

ಹಾಗಾದರೆ ಒಟ್ಟು ಗೋಡೆಗೆ ಯಾವ ದಾರಿ? ಬರೀ ದಾಖಲೆ ಇದ್ದದ್ದನ್ನು ಮಾತ್ರ ಬರೆಯುತ್ತೇವೆ ಅಂತ ಹೊರಟವರಿದ್ದಾರೆ. ತಪ್ಪು ಕಡಿಮೆಯಾಗುತ್ತದೆ, ನಿಜ. ಆದರೆ ಬರೆದಿಟ್ಟವರು ಹೆಚ್ಚಾಗಿ ದೊರೆಗಳು, ಸಾಹೇಬರು, ಪಾದ್ರಿಗಳು. ಗೋಡೆ ಪೂರ್ತಿ ಅವರೇ ತುಂಬಿಕೊಳ್ಳುತ್ತಾರೆ. ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತ ಹೆಂಗಸರು, ಅಳಿವೆಬಾಗಿಲಿನ ಮರಳು ದಿಣ್ಣೆ ದಾಟಿಸಿ ಸರಕು ತಂದ ದೋಣಿಯವರು ಕಾಣುವುದೇ ಇಲ್ಲ. ಕೇಳಿದ್ದನ್ನೆಲ್ಲ ಬರೆದರೆ ಏನಾಗುತ್ತದೆ ಅಂತ ನಿಮ್ಮ ಪಟ್ಟಿಯಲ್ಲೇ ನೋಡಿದಿರಿ. ಎರಡು ಬಣ್ಣದ ಅಕ್ಷರ ಇಡುವ ದಾರಿಯೊಂದಿದೆ. ದಾಖಲೆ ಇದ್ದದ್ದು ಕಪ್ಪು, ಹಿರಿಯರು ಹೇಳುವುದು ಹಸಿರು. ನನಗೆ ಇದೇ ಇಷ್ಟ. ಇದರಲ್ಲೂ ಒಂದು ತೊಡಕಿದೆ. ಒಂದು ದೇವಸ್ಥಾನದ ಹುಟ್ಟಿನ ಕಥೆ ಹಸಿರಾಗಿ, ಮಸೀದಿಯದ್ದೋ ಇಗರ್ಜಿಯದ್ದೋ ಕಪ್ಪಾಗಿ ಬಂದರೆ ಸುಮ್ನೆ ಮನಸ್ಸು ನೋಯುತ್ತದೆ. ಆದ್ದರಿಂದ ಪ್ರಾರ್ಥನಾ ಮಂದಿರಗಳ ಹುಟ್ಟಿನ ಕಥೆಗಳನ್ನೆಲ್ಲ ಒಂದೇ ಹಸಿರಿನಲ್ಲಿ ಇಡಿ, ಯಾರಿಗೂ ರಿಯಾಯಿತಿ ಇಲ್ಲದೆ. ಕೈಯಲ್ಲಿ ಮುಟ್ಟಬಹುದಾದ ಪುರಾವೆ ಇದ್ದರೆ ಅದಷ್ಟನ್ನು ಕಪ್ಪಿನಲ್ಲಿ ಸೇರಿಸಿ. ಕದ್ರಿಯ ಲೋಕೇಶ್ವರ ಕಂಚಿನ ಮೂರ್ತಿಯ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಕ್ರಿ.ಶ. 968ರ ಶಾಸನ ಇದೆ. ಅದು ಕಪ್ಪು.

ದಾಖಲೆ ಅಂದರೆ ಬರೀ ದೊರೆಗಳದ್ದೇ ಅಂತಲೂ ಇಲ್ಲ. ಕೈರೋ ನಗರದ ಹಳೆಯ ಯಹೂದಿ ಪ್ರಾರ್ಥನಾ ಮಂದಿರವೊಂದರ ಕೋಣೆಯಲ್ಲಿ ರಾಶಿ ಕಾಗದ ಸಿಕ್ಕಿದವು. ಅದರಲ್ಲಿ ಮಂಗಳೂರಿನ ಸುದ್ದಿ ಇದೆ. ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ 1130ರ ದಶಕದಿಂದ ಸುಮಾರು ಹದಿನೇಳು ವರ್ಷ ಇಲ್ಲಿದ್ದ. ಅರೇಬಿಯಾದ ಏಡನ್ ಬಂದರಿನ ಗೆಳೆಯರಿಗೂ ಅವನಿಗೂ ಕಾಗದ ಓಡಾಡುತ್ತಿತ್ತು. ಅಡಿಕೆ, ಮೆಣಸು, ಕಂಚಿನ ಪಾತ್ರೆಯ ಲೆಕ್ಕ. ಅವನು 1132ರಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಮಂಗಳೂರಿನಲ್ಲೇ ಬರೆದದ್ದು. ಅವನ ಸರಕು ಹಿಡಿದು ಏಡನ್ನಿಗೆ ಹೋಗಿ ಬರುತ್ತಿದ್ದ ಆಳೊಬ್ಬನ ಹೆಸರೂ ಆ ಕಾಗದಗಳಲ್ಲಿ ಉಳಿದಿದೆ. ಆ ಹೆಸರನ್ನು ಬೊಮ್ಮ ಅಂತ ಓದಿದ್ದಾರೆ. ಸುಮಾರು ಒಂಬೈನೂರು ವರ್ಷದ ಹಿಂದೆ ಸಮುದ್ರ ದಾಟಿದ ನಮ್ಮ ಕಡೆಯ ಒಬ್ಬ ಕೆಲಸದಾಳು. ಅವನ ಚಿತ್ರ ಗೋಡೆಯ ಮೇಲೆ ಇರಲೇಬೇಕು ಅನ್ನುವುದು ನನ್ನ ಆಸೆ.

ಕೆಲಸದ ಮಾತು ಎರಡು. ನೇರವಾಗಿ ಕಾಂಪೌಂಡ್ ಗೋಡೆಗೆ ಬರೆಯಬೇಡಿ. ನಮ್ಮ ಮಳೆಗೆ ಎರಡು ವರ್ಷದಲ್ಲಿ ಪಾಚಿ ಹಿಡಿಯುತ್ತದೆ. ಜಗಲಿಯ ಒಳಗೋಡೆಗೆ ಬಿಚ್ಚಿ ತೆಗೆಯಬಹುದಾದ ಹಲಗೆ ಹಾಕಿ, ಒಂದು ಘಟನೆಗೆ ಒಂದು ಹಲಗೆ. ನಾಳೆ ತಪ್ಪು ಕಂಡರೆ ಅದೊಂದನ್ನೇ ಇಳಿಸಿ ತಿದ್ದಬಹುದು. ಶುರುವಿನ ಹಲಗೆಯಲ್ಲಿ ಊರಿನ ಹೆಸರು ಎಲ್ಲ ಮನೆಮಾತುಗಳಲ್ಲೂ ಇರಲಿ: ಮಂಗಳೂರು, ಕುಡ್ಲ, ಕೊಡಿಯಾಲ್, ಮೈಕಾಲ. ಎಲ್ಲ ಮಕ್ಕಳಿಗೂ ತಮ್ಮ ಮನೆಯ ಹೆಸರು ಅಲ್ಲಿ ಸಿಗಬೇಕು.

ಇನ್ನು ಆ ಅಜ್ಜರು. ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ ಮಾರಾಯ್ರೆ, ನಿಮಗೆ ಸಿಕ್ಕಿದ ದೊಡ್ಡ ದಾಖಲೆ ಅವರೇ. ಒಂದು ಮಧ್ಯಾಹ್ನ ಕರೆಸಿ, ಚಹಾ ಕೊಟ್ಟು, ಐದಾರು ಮಕ್ಕಳನ್ನು ಸುತ್ತ ಕೂರಿಸಿ. 1974ರ ಬೊಳ್ಳದ, ಅಂದರೆ ನೆರೆಯ, ಬಗ್ಗೆ ಕೇಳಿಸಿ. ನೇತ್ರಾವತಿ ಎಲ್ಲಿಯವರೆಗೆ ಬಂದಿತ್ತು, ಯಾರ ಮನೆ ಮೆಟ್ಟಿಲು ಮುಳುಗಿತ್ತು. ಅವರ ಹಿರಿಯರು 1923ರ ಮಾರಿಬೊಳ್ಳದ ಬಗ್ಗೆ ಏನು ಹೇಳುತ್ತಿದ್ದರು ಅಂತಲೂ ಕೇಳಲಿ. ಇಸವಿ ನೆನಪಿಲ್ಲ ಅಂದರೆ ಒತ್ತಾಯ ಮಾಡಬೇಡಿ. "ಆಗ ನಿಮಗೆ ಮದುವೆ ಆಗಿತ್ತಾ? ದೊಡ್ಡ ಮಗ ಹುಟ್ಟಿದ್ದನಾ? ಪಣಂಬೂರಿನ ಹೊಸ ಬಂದರು ಶುರುವಾಗಿತ್ತಾ?" ಅಂತ ಕೇಳಿದರೆ ಇಸವಿ ತಾನಾಗಿ ಸಿಗುತ್ತದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ, ಬರೆದುಕೊಳ್ಳಲಿ. ಕೆಳಗೆ ಕೇಳಿದ ದಿನಾಂಕ, ಕೇಳಿದ ಮಗುವಿನ ಹೆಸರು ಹಾಕಿಸಿ. ಆಮೇಲೆ ನಿಮ್ಮ ಪಟ್ಟಿಯನ್ನು ಅಜ್ಜರ ಕೈಗೆ ಕೊಟ್ಟು, ಯಾವ ಅರ್ಧ ಸುಳ್ಳು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಲು ಹೇಳಿ. ಹಲಗೆಗಳಿಗೆ ಬಣ್ಣ ಹಚ್ಚುವ ಮೊದಲು ಆ ಗುರುತು ಹಾಕಿದ ಪಟ್ಟಿಯನ್ನು ನನಗೂ ಕಳಿಸಿ. ಅವರ ಗುರುತುಗಳನ್ನು ನೋಡುವ ಕುತೂಹಲ ನನಗಿದೆ.